ಮನೆಯ ಕಂಪ್ಯೂಟರಿನ ನಾದಶುದ್ಧಿ

ರೋಗವಾವುದೆಂದು ತಿಳಿಯದೆ ಔಷಧವನ್ನು ಕೊಂಡು ತರುವವನನ್ನು ಕಂಡು ಲೋಕವು ನಗುತ್ತದೆ. ಯಂತ್ರಗಳ ವಿಷಯದಲ್ಲಾದರೋ ನಾವೆಲ್ಲರೂ ಮಾಡುತ್ತಿರುವುದು ಅದನ್ನೇ. ಮನೆಯ ಕಂಪ್ಯೂಟರಿನಲ್ಲಿ ಹಾಡು ಚೆನ್ನಾಗಿ ಕೇಳಿಸುವುದಿಲ್ಲವೆಂದೊಡನೆ, 'ಒಳ್ಳೆಯ ಸೌಂಡ್ ಕಾರ್ಡೊಂದನ್ನು ಹಾಕಿಸಿರಿ' ಎಂಬ ಸಲಹೆಯು ನಾಲ್ಕು ದಿಕ್ಕುಗಳಿಂದಲೂ ಬರುತ್ತದೆ. ಈ ಸಲಹೆಯನ್ನು ವಿಚಾರಮಾಡದೆ ಪಾಲಿಸಿದ ನಾವು ಹಣವನ್ನೂ, ಹಣದಿಂದ ಮರಳಿ ದೊರೆಯಲಾರದ ಒಂದು ವಸ್ತುವನ್ನೂ ಕಳೆದುಕೊಂಡೆವು. ನಮ್ಮ ವಾಚಕರಿಗೆ ಅಂತಹ ನಷ್ಟವು ಸಂಭವಿಸದಿರಲೆಂದು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಸೌಂಡ್ ಕಾರ್ಡೆಂದರೇನು? ಕಂಪ್ಯೂಟರಿನ ಉದರದಲ್ಲಿ ಸಂಗೀತವು ಸಂಗೀತವಾಗಿರುವುದಿಲ್ಲ, ಅಂಕಗಳ ರಾಶಿಯಾಗಿರುತ್ತದೆ. ಸಿ.ಡಿ. ತಟ್ಟೆಯ ಪದ್ಧತಿಯಲ್ಲಿ ಒಂದು ಸೆಕೆಂಡಿನ ನಾದವನ್ನು 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳ ಪೈಕಿ ಒಂದರ ಮೇಲೆ ನಿಲ್ಲಿಸಿ ಬರೆದಿಡುತ್ತಾರೆ. ಈ ಅಂಕಗಳನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸಿ ಸ್ಪೀಕರಿಗೆ ಒಪ್ಪಿಸುವುದು ಒಂದು ಕೆಲಸ. ಹೊರಗಿನಿಂದ ಬಂದ ಏರಿಳಿತವನ್ನು ಅಂಕಗಳನ್ನಾಗಿಸಿ ಒಳಕ್ಕೆ ಕಳುಹಿಸುವುದು ಇನ್ನೊಂದು. ಎರಡನ್ನೂ ಮಾಡತಕ್ಕ ದುಭಾಷಿಯೇ ಸೌಂಡ್ ಕಾರ್ಡು.

ಹಿಂದೆ ಈ ದುಭಾಷಿಯನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳದೆ ಗತಿಯಿರಲಿಲ್ಲ. 1981ರಲ್ಲಿ ಐ.ಬಿ.ಎಂ. ಕಂಪೆನಿಯ ಪಿ.ಸಿ. ಹೊರಬಂದಾಗ ಅದಕ್ಕೆ 'ಬೀಪ್' ಎನ್ನುವುದರ ಹೊರತು ಹೆಚ್ಚಿನ ಕಂಠವಿರಲಿಲ್ಲ. 1987ರಲ್ಲಿ ಕೆನಡಾ ದೇಶದ ಆಡ್‌ಲಿಬ್ ಕಾರ್ಡೂ, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪೆನಿಯ ಸೌಂಡ್ ಬ್ಲಾಸ್ಟರೂ ಬಂದ ಮೇಲೆ ಆಟಗಳಿಗೆ ವಾದ್ಯಧ್ವನಿಯೂ ಮಾತೂ ಒದಗಿದುವು. 1992ರ ಸೌಂಡ್ ಬ್ಲಾಸ್ಟರ್ 16 ಸಿ.ಡಿ. ತಟ್ಟೆಯ ಮಾನಕ್ಕೆ ಏರಿತು. ಆ ಕಾಲದಲ್ಲಿ 'ಕಾರ್ಡು ಹಾಕಿಸಿರಿ' ಎಂಬುದು ಸರಿಯಾದ ಉಪದೇಶವೇ ಆಗಿದ್ದಿತು. ಆದರೆ ಇಂಟೆಲ್ ಕಂಪೆನಿಯು 1997ರಲ್ಲಿ ಒಂದು, 2004ರಲ್ಲಿ ಅದಕ್ಕಿಂತ ಮೇಲಾದ ಮತ್ತೊಂದು, ಹೀಗೆ ಎರಡು ಕ್ರಮಗಳನ್ನು ನಿಗದಿಮಾಡಲು, ಧ್ವನಿಯ ವ್ಯವಸ್ಥೆಯು ಮದರ್‌ಬೋರ್ಡಿನ ಮೇಲೆಯೇ ನೆಲೆಗೊಂಡಿತು. 2007ರಲ್ಲಿ ಮಾರಾಟಕ್ಕೆ ಬಂದ ವಿಂಡೋಸ್ ವಿಸ್ಟಾ, ಆಟಗಳು ಡೈರೆಕ್ಟ್‌ಸೌಂಡ್ ಎಂಬ ಮಾರ್ಗದಿಂದ ಧ್ವನಿಯ ಲೆಕ್ಕವನ್ನು ನೇರವಾಗಿ ಕಾರ್ಡಿಗೆ ಒಪ್ಪಿಸುತ್ತಿದ್ದ ಪದ್ಧತಿಯನ್ನು ನಿಲ್ಲಿಸಿಬಿಟ್ಟಿತು. ಕಾರಣವು ಹೋಯಿತು, ಉಪದೇಶವು ಮಾತ್ರ ಉಳಿದುಕೊಂಡಿತು.

ಹಾಗಾದರೆ ಈಗ ದೋಷವೇ ಇಲ್ಲವೆ? ಇದೆ, ಆದರೆ ಅದು ಬಹುಮಟ್ಟಿಗೆ ದುಭಾಷಿಯ ಪಾಂಡಿತ್ಯದಲ್ಲಿಲ್ಲ, ಅವನು ಕುಳಿತಿರುವ ಸ್ಥಳದಲ್ಲಿದೆ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡು, ಫ್ಯಾನುಗಳು, ವಿದ್ಯುತ್ತನ್ನು ಹಂಚುವ ಅಂಗಗಳು ಇವೆಲ್ಲವೂ ಎಡೆಬಿಡದೆ ಸ್ಪಂದಿಸುತ್ತಿರುತ್ತವೆ. ಸಂತೆಯ ನಡುವೆ ಶ್ರುತಿಮಾಡಲು ಕುಳಿತ ವೈಣಿಕನ ಅವಸ್ಥೆಯೇ ಅಲ್ಲಿ ಧ್ವನಿಗೂ ಒದಗುತ್ತದೆ.

ಇನ್ನು ನಮ್ಮ ಕಥೆಗೆ ಬರುತ್ತೇವೆ. ದಿವಂಗತರಾದ ನಮ್ಮ ಅಣ್ಣನವರು ಗಮಕಿಗಳಾಗಿದ್ದರು. ಅವರು ಕುಮಾರವ್ಯಾಸಭಾರತದ ಉದ್ಯೋಗಪರ್ವವನ್ನು ಓದಿದ್ದು 1986ರಲ್ಲಿ ಎರಡು ಕ್ಯಾಸೆಟ್ಟುಗಳಲ್ಲಿ ಮುದ್ರಿತವಾಗಿದ್ದಿತು, ಬೇರೆ ಪ್ರತಿಯಿಲ್ಲ. ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂಬುದು ನಮ್ಮ ಆಶೆ. ಅಣ್ಣನವರ ಮೊಮ್ಮಗನು ಕಾಲೇಜು ವ್ಯಾಸಂಗಕ್ಕಾಗಿ ನಮ್ಮ ಮನೆಯಲ್ಲಿದ್ದಾನೆ. ಅವನು ಹುಟ್ಟುವುದಕ್ಕೆ ಮೊದಲೇ ತಾತನವರು ತೀರಿಕೊಂಡಿದ್ದರು. ಆಟದಲ್ಲಿ ಶತ್ರುವಿನ ಹೆಜ್ಜೆಯ ಸಪ್ಪಳವು ಯಾವ ಕಡೆಯಿಂದ ಬರುತ್ತದೆಂಬುದೇ ತಿಳಿಯುವುದಿಲ್ಲವೆಂಬುದು ಅವನ ಕೊರಗು. ನಮ್ಮ ಕೊರಗಾದರೋ, ಕ್ಯಾಸೆಟ್ಟನ್ನು ಇಳಿಸಿದರೆ ಅಣ್ಣನವರ ಕಂಠದ ಹಿಂದೆ ಸೊಳ್ಳೆಯ ಹಿಂಡು ಹಾರಿದಂತೆ ಒಂದು ಕಿರುದನಿಯು ಸೇರುತ್ತಿದೆಯೆಂಬುದು. ಎರಡಕ್ಕೂ ಒಂದೇ ಮದ್ದೆಂದು ಅಂಗಡಿಯವರು ಹೇಳಲು, ಬೆಲೆಬಾಳುವ ಕಾರ್ಡೊಂದನ್ನು ತಂದು ಪೆಟ್ಟಿಗೆಯೊಳಗೆ ಕೂರಿಸಿದೆವು.

ಕಿರುದನಿಯು ಕಿಂಚಿತ್ತೂ ತಗ್ಗಲಿಲ್ಲ. ನಲವತ್ತು ವರ್ಷದ ಟೇಪಿನ ಮುಪ್ಪೇ ಇದಕ್ಕೆ ಕಾರಣವೆಂದು ನಾವೇ ತೀರ್ಪುಮಾಡಿಕೊಂಡು, ಮೊದಲನೆಯ ಕ್ಯಾಸೆಟ್ಟನ್ನು ಹಾಗೆಯೇ ಇಳಿಸಿದೆವು. ಎರಡನೆಯ ಮಗ್ಗುಲು ಮುಗಿಯುವ ಸಮಯಕ್ಕೆ ಟೇಪು ಯಂತ್ರದಲ್ಲಿ ಸುತ್ತಿಕೊಂಡು ನುಗ್ಗಾಗಿ ಹರಿಯಿತು. ನಾವು ದಿಗ್ಭ್ರಾಂತರಾಗಿ ನಿಂತಿರುವಾಗ, ಹೆಡ್‌ಫೋನನ್ನು ಕಿವಿಗಿಟ್ಟುಕೊಂಡಿದ್ದ ಹುಡುಗನು, "ಚಿಕ್ಕತಾತ, ಕ್ಯಾಸೆಟ್ಟು ನಿಂತುಹೋಗಿದೆ, ಆ ಕಿರುಗುಟ್ಟುವುದು ಮಾತ್ರ ನಿಂತಿಲ್ಲವಲ್ಲ!" ಎಂದನು. ಮೌಸನ್ನು ಅಲುಗಿಸಿದರೆ ಆ ದನಿಯೂ ಅಲುಗುತ್ತಿದ್ದಿತು! ಟೇಪು ನಿರಪರಾಧಿಯಾಗಿದ್ದಿತು.

ಆಮೇಲೆ ಮಾಡಿದ ಶೋಧನೆಯಿಂದ ನಮ್ಮ ಅವಿವೇಕವು ಬಯಲಾಯಿತು. ನಾವು ತಂತಿಯನ್ನು ಸಿಕ್ಕಿಸುತ್ತಿದ್ದುದು ಪೆಟ್ಟಿಗೆಯ ಮುಂಭಾಗದ ಗುಲಾಬಿ ಬಣ್ಣದ ರಂಧ್ರಕ್ಕೆ. ಅದು ಮೈಕಿನ ಕ್ಷೀಣಧ್ವನಿಗಾಗಿ ಇರತಕ್ಕದ್ದು. ಬಂದುದೆಲ್ಲವನ್ನೂ, ಕಸವನ್ನೂ ಕೂಡ, ಹಿಗ್ಗಿಸುತ್ತದೆ. ಟೇಪಿನಂತಹ ಯಂತ್ರದ ಧ್ವನಿಗೆ 'ಲೈನ್ ಇನ್' ಎಂಬ ನೀಲಿ ರಂಧ್ರವಿದೆ. ಹಸುರು ರಂಧ್ರವು ಸ್ಪೀಕರಿಗೆ. ಅಷ್ಟೇ ಅಲ್ಲ, ಮುಂಭಾಗದ ಆ ರಂಧ್ರವು ಇನ್ನೂ ಮದರ್‌ಬೋರ್ಡಿನ ಹಳೆಯ ವ್ಯವಸ್ಥೆಗೇ ಜೋಡಿಸಲ್ಪಟ್ಟಿದ್ದಿತು. ಹಣ ಕೊಟ್ಟು ತಂದ ಹೊಸ ದುಭಾಷಿಯು ಹಿಂದೆ ಕೆಲಸವಿಲ್ಲದೆ ಕುಳಿತಿದ್ದನು!

ತಂತಿಯನ್ನು ಹೊಸ ಕಾರ್ಡಿನ ನೀಲಿ ರಂಧ್ರಕ್ಕೆ ಬದಲಾಯಿಸಿದಾಗ ಕಿರುದನಿಯು ಬಹುಪಾಲು ಅಡಗಿತು. ಆದರೂ ಕಾರ್ಡಿನ ಪಕ್ಕದಲ್ಲಿಯೇ ಗ್ರಾಫಿಕ್ಸ್ ಕಾರ್ಡಿದ್ದುದರಿಂದಲೋ ಏನೋ, ಸ್ವಲ್ಪ ಉಳಿಯಿತು. ನಮ್ಮ ಹಳೆಯ ಶಿಷ್ಯರೊಬ್ಬರು ಯು.ಎಸ್.ಬಿ. ತಂತಿಯಿಂದ ಹೊರಗೆ ಜೋಡಿಸತಕ್ಕ, ಅಂಗೈಯಷ್ಟಿರುವ ಒಂದು ಧ್ವನಿಪೆಟ್ಟಿಗೆಯನ್ನು ಎರವಲು ಕೊಟ್ಟರು. ಅದರ ಬೆಲೆಯು ನಾವು ಕೊಂಡ ಕಾರ್ಡಿನ ಅರ್ಧಕ್ಕಿಂತಲೂ ಕಡಿಮೆ. ಅದರಿಂದ ಎರಡನೆಯ ಕ್ಯಾಸೆಟ್ಟನ್ನು ಇಳಿಸಿದೆವು. ಟೇಪಿಗೆ ಸಹಜವಾದ ಮೆಲುಹಿಸ್ಸೊಂದನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಒಂದು ಪರೀಕ್ಷೆಯಿದೆ. ಸರ್ವವಿಧದಲ್ಲಿಯೂ ಸಮಾನವಾದ ಎರಡು ವೀಣೆಗಳನ್ನು ತೆಗೆದುಕೊಂಡು, ಒಂದನ್ನು ಕದಲಿಸದೆ ಇಟ್ಟು, ಇನ್ನೊಂದರ ಶ್ರುತಿಯನ್ನು ಮಾತ್ರ ಹಂತಹಂತವಾಗಿ ಇಳಿಸುತ್ತ, ಅವೆರಡರ ಭೇದದಿಂದ ಶ್ರುತಿಗಳನ್ನು ನಿಶ್ಚಯಿಸತಕ್ಕದ್ದು. ಮಕ್ಕಳಿಗೆ ಇದನ್ನು ಹೇಳಿಕೊಟ್ಟ ನಾವೇ ಮನೆಯಲ್ಲಿ ಮರೆತೆವು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು; ಉಳಿದುದೆಲ್ಲವೂ ಹಾಗೆಯೇ ಇರಬೇಕು. ಅದೇ ಹಾಡನ್ನು ಅದೇ ಹೆಡ್‌ಫೋನಿನಿಂದ ಮೊಬೈಲಿನಲ್ಲಿ ಕೇಳಿರಿ: ಅಲ್ಲಿ ಶುದ್ಧವಾಗಿದ್ದರೆ ದೋಷವು ಕಂಪ್ಯೂಟರಿನದು, ಅಲ್ಲಿಯೂ ಕೆಟ್ಟಿದ್ದರೆ ಹೆಡ್‌ಫೋನಿನದೋ ಮುದ್ರಣದ್ದೋ ಆಗಿರಬೇಕು. ಹಾಡನ್ನು ನಿಲ್ಲಿಸಿ ಮೌಸನ್ನು ಚಲಿಸಿರಿ: ಸದ್ದು ಬದಲಾದರೆ ಅದು ಪೆಟ್ಟಿಗೆಯ ಒಳಗಿನದು. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿದೊಡನೆ ಗುಂಯ್‌ಗುಟ್ಟುವುದು ನಿಂತರೆ ಅದು ವಿದ್ಯುತ್ ಸಂಪರ್ಕದ ದೋಷ. ಕಾರ್ಡನ್ನು ಬದಲಾಯಿಸಿದ ಮಾತ್ರಕ್ಕೆ ಅದು ಹೋಗುವುದೆಂಬ ಭರವಸೆಯಿಲ್ಲ.

ಹುಡುಗನ ಆಟದ ವಿಷಯವು ಇನ್ನೂ ಸುಲಭವಾಗಿ ತೀರಿತು. ಬಲಗಡೆಯ ಸದ್ದು ಬಲಗಿವಿಗೆ ಮೊದಲೂ ಎಡಗಿವಿಗೆ ಅನಂತರವೂ ತಲುಪುತ್ತದೆ. ಆ ಅಂತರವು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಅದರಿಂದಲೂ, ತಲೆಯು ಮರೆಯಾಗುವುದರಿಂದಲೂ ನಮಗೆ ದಿಕ್ಕು ತಿಳಿಯುತ್ತದೆ. ಈ ಲೆಕ್ಕವನ್ನು ಈಚಿನ ಅನೇಕ ಆಟಗಳು ತಾವೇ ಮಾಡಿಕೊಳ್ಳುತ್ತವೆ. ನಮ್ಮ ಕಂಪ್ಯೂಟರಿಗಾದರೋ ಕೋಣೆಯ ಸುತ್ತಲೂ ಸ್ಪೀಕರುಗಳಿವೆಯೆಂದು ಯಾರೋ ತಿಳಿಸಿಬಿಟ್ಟಿದ್ದರು. ಅದು ಹಿಂದಿನಿಂದ ಬರತಕ್ಕ ಹೆಜ್ಜೆಯ ಸಪ್ಪಳವನ್ನು ಹಿಂದಿನ ಸ್ಪೀಕರಿಗೆ ನಿಷ್ಠೆಯಿಂದ ಕಳುಹಿಸುತ್ತಿದ್ದಿತು. ಇಲ್ಲದ ಸ್ಪೀಕರಿನಲ್ಲಿ ಅದು ಲಯವಾಗುತ್ತಿದ್ದಿತು. ಎರಡೇ ಕಿವಿಯ ಹೆಡ್‌ಫೋನೆಂದು ತಿದ್ದಲು, ಕಾಸಿಲ್ಲದೆ ಕಾರ್ಯವಾಯಿತು. ಆಟವು ಮಾಡಿದ ಲೆಕ್ಕವನ್ನು ಕಾರ್ಡೂ ಇನ್ನೊಮ್ಮೆ ಮಾಡಿದರೆ ದಿಕ್ಕುಗಳು ಕಲಸಿಹೋಗುತ್ತವೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗಿ ಬರುತ್ತದೆ. ಇವನ್ನೂ ನೋಡಿಕೊಳ್ಳತಕ್ಕದ್ದು.

ಆದಕಾರಣ ವೆಚ್ಚದ ಕ್ರಮವನ್ನು ನಾವು ಹೀಗೆ ಹೇಳುತ್ತೇವೆ. ಮೊದಲು ಏನನ್ನೂ ಕೊಳ್ಳದೆ ತಂತಿ, ರಂಧ್ರ, ಕಂಪ್ಯೂಟರಿನ ಧ್ವನಿಯ ಕಟ್ಟಳೆಗಳನ್ನು ಪರೀಕ್ಷಿಸಬೇಕು. ಕೊಳ್ಳಲೇಬೇಕಾದರೆ ಹಣದ ಹೆಚ್ಚು ಪಾಲನ್ನು ಒಳ್ಳೆಯ ಹೆಡ್‌ಫೋನಿಗೋ ಸ್ಪೀಕರಿಗೋ ಇಡಬೇಕು. ಕಿವಿಗೆ ತಿಳಿಯತಕ್ಕ ಭೇದವು ಬಹುಮಟ್ಟಿಗೆ ಅಲ್ಲಿಯೇ ಇದೆ. ಆಮೇಲೂ ಕಿರುದನಿಯಿದ್ದರೆ, ಅಥವಾ ಹೆಚ್ಚು ಓಮಿನ ಹೆಡ್‌ಫೋನಿಗೆ ಬಲವು ಸಾಲದಿದ್ದರೆ, ಪೆಟ್ಟಿಗೆಯ ಹೊರಗೆ ಇರತಕ್ಕ ಯು.ಎಸ್.ಬಿ. ಸಾಧನವನ್ನು ತರಬೇಕು. ಲ್ಯಾಪ್‌ಟಾಪಿಗಂತೂ ಇದೇ ಅನುಕೂಲ. ಕ್ಯಾಸೆಟ್ಟನ್ನು ಇಳಿಸತಕ್ಕವರು ಅದರಲ್ಲಿ 'ಲೈನ್ ಇನ್' ಇದೆಯೆಂಬುದನ್ನು ಕೇಳಿ ತಿಳಿದೇ ಕೊಳ್ಳಬೇಕು. ಅಗ್ಗದ ಅನೇಕ ಸಾಧನಗಳಲ್ಲಿ ಮೈಕಿನ ರಂಧ್ರವೊಂದೇ ಇರುತ್ತದೆ. ಪ್ರಯೋಗವನ್ನು ಹೋದರೂ ಚಿಂತೆಯಿಲ್ಲದ ಕ್ಯಾಸೆಟ್ಟಿನ ಮೇಲೆ ನಡೆಯಿಸಿ, ಎಲ್ಲವೂ ಸರಿಯಾದ ಮೇಲೆಯೇ ಅಮೂಲ್ಯವಾದುದನ್ನು ಮುಟ್ಟಬೇಕು. ಧ್ವನಿಯ ಮಟ್ಟವು ತುತ್ತತುದಿಯನ್ನು ತಾಕದಂತೆ ಸ್ವಲ್ಪ ಕೆಳಗಿಟ್ಟುಕೊಳ್ಳಬೇಕು. ಇಳಿಸಿದುದನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಪ್ರತಿಮಾಡಿ ಎರಡು ಕಡೆ ಇಡಬೇಕು.

ಕರ್ಣನಿಗೆ ಕೃಷ್ಣನು ಜನ್ಮವೃತ್ತಾಂತವನ್ನು ತಿಳಿಸುವ ಭಾಗವು ನಮ್ಮ ಮೊದಲನೆಯ ಕ್ಯಾಸೆಟ್ಟಿನಲ್ಲಿದ್ದಿತು. ಆ ಭಾಗದ ಮಟ್ಟಿಗೆ ನಮಗೆ ಉಳಿದಿರುವುದು ಕಿರುಗುಟ್ಟುವ ಪ್ರತಿಯೊಂದೇ. ಆ ಸದ್ದನ್ನು ಕಂಪ್ಯೂಟರಿನಲ್ಲಿಯೇ ಸೋಸಲು ನೋಡಿದೆವು; ಸೋಸಿದಷ್ಟೂ ಅಣ್ಣನವರ ಕಂಠವು ತೆಳುವಾಗುತ್ತ ಬಂದುದರಿಂದ ಕೈಬಿಟ್ಟೆವು. ಮೊನ್ನೆ ರಾತ್ರಿ ಹುಡುಗನು ಆಟವನ್ನು ಮುಗಿಸಿ, ಅದೇ ಹೆಡ್‌ಫೋನಿನಲ್ಲಿ ತಾತನವರ ಓದನ್ನು ಕೇಳುತ್ತ ಕುಳಿತಿದ್ದನು. ಕಿರುದನಿಯು ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆವು. "ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಗುವುದಿಲ್ಲ, ಚಿಕ್ಕತಾತ" ಎಂದನು. ನಮಗೆ ಗೊತ್ತಾಗುತ್ತದೆ. ವಾಚಕರ ಮನೆಗಳಲ್ಲಿಯೂ ಇಂತಹ ಕ್ಯಾಸೆಟ್ಟುಗಳು ಪೆಟ್ಟಿಗೆಯ ತಳದಲ್ಲಿ ಇರಬಹುದು. ಅವುಗಳನ್ನು ಹೊರಗೆ ತೆಗೆಯುವುದಕ್ಕೆ ಮುಂಚೆ, ಕಂಪ್ಯೂಟರು ಸುಮ್ಮನಿರುವಾಗ ಅದಕ್ಕೆ ಹೆಡ್‌ಫೋನನ್ನು ಜೋಡಿಸಿ ಒಂದು ನಿಮಿಷ ಕಿವಿಗೊಟ್ಟು ಕೇಳಿರೆಂದು ಬೇಡುತ್ತೇವೆ.