ಕೊಡುವ ಕೈಯ ಹೊಣೆ

2025ರ ಆಗಸ್ಟ್ 27ರಂದು ನಮ್ಮ ಊರುಗಳಲ್ಲಿ ಗಣೇಶ ಚತುರ್ಥಿಯ ಸಂಭ್ರಮ. ಅದೇ ದಿನ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕ್ಯಾಥೊಲಿಕ್ ಶಾಲೆಯೊಂದರ ಮಕ್ಕಳು ಹೊಸ ಶಾಲಾ ವರ್ಷದ ಮೊದಲ ವಾರದ ಪ್ರಾರ್ಥನೆಗಾಗಿ ಚರ್ಚಿನಲ್ಲಿ ಸೇರಿದ್ದರು. ಹೊರಗಿನಿಂದ ಕಿಟಕಿಗಳ ಮೂಲಕ ಗುಂಡುಗಳು ತೂರಿಬಂದವು. ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಪ್ರಾಣ ಬಿಟ್ಟರು, ಅನೇಕರು ಗಾಯಗೊಂಡರು. ಮರುದಿನ ಭಾದ್ರಪದ ಶುಕ್ಲ ಪಂಚಮಿ. ನಮ್ಮ ಬಸದಿಗಳಲ್ಲಿ ದಶಲಕ್ಷಣ ಪರ್ವದ ಮೊದಲ ಧರ್ಮವಾದ ಉತ್ತಮ ಕ್ಷಮೆಯ ಆರಾಧನೆ ನಡೆಯುತ್ತಿದ್ದಾಗಲೇ ಆ ಸುದ್ದಿ ನಮ್ಮನ್ನು ಮುಟ್ಟಿತು.

ಇಂತಹ ಪ್ರತಿ ದುರಂತದ ನಂತರವೂ ಆ ದೇಶದಲ್ಲಿ ಒಂದೇ ಚರ್ಚೆ ಮರುಕಳಿಸುತ್ತದೆ. ಮೃತರಿಗಾಗಿ ಪ್ರಾರ್ಥಿಸೋಣ ಎನ್ನುವವರು ಕೆಲವರು. ಆ ಮಕ್ಕಳು ಸಾಯುವಾಗ ಪ್ರಾರ್ಥನೆಯನ್ನೇ ಮಾಡುತ್ತಿದ್ದರಲ್ಲವೇ, ಕಾನೂನನ್ನು ಬಿಗಿಗೊಳಿಸಿ ಎನ್ನುವವರು ಮತ್ತೆ ಕೆಲವರು. ಬಂದೂಕು ತಾನಾಗಿ ಯಾರನ್ನೂ ಕೊಲ್ಲದು, ಕೊಲ್ಲುವುದು ಮನುಷ್ಯನ ಮನಸ್ಸು ಎಂಬುದು ಒಂದು ವಾದ. ಬಂದೂಕು ಕೈಗೆ ಸಿಗದಿದ್ದರೆ ಆ ಮನಸ್ಸು ಇಷ್ಟು ಜೀವಗಳನ್ನು ತೆಗೆಯಲಾರದು ಎಂಬುದು ಅದಕ್ಕೆ ಪ್ರತಿವಾದ.

ಇದು ದೂರದ ದೇಶದ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. 2015ರ ಮಾರ್ಚ್ ತಿಂಗಳ ಕೊನೆಯ ರಾತ್ರಿ ಬೆಂಗಳೂರಿನ ಕಾಡುಗೋಡಿಯ ವಸತಿ ಕಾಲೇಜಿನಲ್ಲಿ, ಅಲ್ಲಿಯೇ ಕೆಲಸಕ್ಕಿದ್ದವನೊಬ್ಬ ನಾಡಪಿಸ್ತೂಲಿನಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳನ್ನು ಕೊಂದನು. 2025ರ ಆಗಸ್ಟ್‌ನಲ್ಲಿಯೇ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಊಟದ ಡಬ್ಬಿಯಲ್ಲಿ ಪಿಸ್ತೂಲು ಅಡಗಿಸಿ ತಂದು, ತನ್ನನ್ನು ಹೊಡೆದರೆಂಬ ಸಿಟ್ಟಿನಲ್ಲಿ ಶಿಕ್ಷಕರ ಮೇಲೆ ಗುಂಡು ಹಾರಿಸಿದನೆಂದು ವರದಿಯಾಯಿತು. ತಾಯಿ ಅನ್ನ ತುಂಬಿ ಕಳುಹಿಸುವ ಡಬ್ಬಿಯದು. ದಶಕಗಳ ಕಾಲ ತರಗತಿಯ ಕೋಣೆಯಲ್ಲಿ ನಿಂತು ಪಾಠ ಹೇಳಿದವನಿಗೆ ಆ ಒಂದು ಸಾಲನ್ನು ಓದಿ ಮುಂದಿನ ಸಾಲಿಗೆ ಹೋಗುವುದು ಸುಲಭವಲ್ಲ.

ದೋಷ ಆಯುಧದ್ದೋ ಮನಸ್ಸಿನದೋ ಎಂಬ ಪ್ರಶ್ನೆಗೆ ಜೈನದರ್ಶನದಲ್ಲಿ ಸ್ಪಷ್ಟವಾದ ಉತ್ತರವಿದೆ. ಯಾವ ಕಾರ್ಯಕ್ಕೂ ಉಪಾದಾನ ಮತ್ತು ನಿಮಿತ್ತ ಎಂಬ ಎರಡು ಕಾರಣಗಳಿವೆ. ಗಡಿಗೆಗೆ ಮಣ್ಣು ಉಪಾದಾನ. ಕುಂಬಾರ, ಚಕ್ರ, ಕೋಲುಗಳು ನಿಮಿತ್ತ. ಶಾಲೆಯ ಹಿಂಸೆಯಲ್ಲಿ ಕ್ರೋಧ, ಮಾನಗಳೆಂಬ ಕಷಾಯಗಳಿಂದ ಕಲುಷಿತವಾದ ಮನಸ್ಸೇ ಉಪಾದಾನ, ಕೈಗೆ ಸಿಕ್ಕ ಬಂದೂಕು ನಿಮಿತ್ತ. ಒಂದನ್ನು ಮಾತ್ರ ನೋಡಿ ಇನ್ನೊಂದನ್ನು ಅಲ್ಲಗಳೆಯುವುದು ಏಕಾಂತವಾದ. ಎರಡು ಪಕ್ಷಗಳೂ ಒಂದೊಂದು ನಯವನ್ನು ಹಿಡಿದುಕೊಂಡು ಅದನ್ನೇ ಪೂರ್ಣ ಸತ್ಯವೆಂದು ಸಾರುತ್ತಿವೆ.

ನಮ್ಮ ಆಚಾರ್ಯರು ಈ ತತ್ತ್ವವನ್ನು ಶ್ರಾವಕನ ದಿನಚರಿಗೆ ಇಳಿಸಿದ ಬಗೆಯೇ ವಿಶೇಷ. ಗುಣವ್ರತಗಳಲ್ಲೊಂದು ಅನರ್ಥದಂಡವಿರತಿ, ಅಂದರೆ ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ನಡತೆಯಿಂದ ದೂರವಿರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪರರ ಕೇಡನ್ನು ಮನದಲ್ಲೇ ಮೆಲುಕು ಹಾಕುವುದು ಅಪಧ್ಯಾನ. ರಾಗದ್ವೇಷಗಳನ್ನು ಕೆರಳಿಸುವ ಕಥೆಗಳಿಗೆ ಕಿವಿಗೊಡುವುದು ದುಃಶ್ರುತಿ. ಇವೆರಡೂ ಮನಸ್ಸಿಗೆ ಸಂಬಂಧಿಸಿದವು. ಕೊಡಲಿ, ಕತ್ತಿ, ಬೆಂಕಿ, ವಿಷ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದು ಹಿಂಸಾದಾನ. ಇದು ಆಯುಧಕ್ಕೆ ಸಂಬಂಧಿಸಿದ್ದು. ಬಂದೂಕೆಂಬುದು ಹುಟ್ಟುವುದಕ್ಕೆ ಶತಮಾನಗಳ ಮುಂಚೆಯೇ, ಪ್ರಯೋಗಿಸಿದವನ ಜೊತೆಗೆ ಒದಗಿಸಿದವನನ್ನೂ ಈ ವ್ರತ ಹೊಣೆಗಾರನನ್ನಾಗಿ ಮಾಡಿತ್ತು.

ಇಂದಿನ ನ್ಯಾಯಾಲಯಗಳು ಈಗ ಈ ವಿಚಾರಕ್ಕೆ ಬರುತ್ತಿವೆ. 2021ರ ನವೆಂಬರ್ 30ರಂದು ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ 15 ವರ್ಷದ ಬಾಲಕನೊಬ್ಬ ನಾಲ್ವರು ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದನು. ಆ ಪಿಸ್ತೂಲನ್ನು ನಾಲ್ಕು ದಿನ ಮುಂಚೆ ಕೊಂಡು ತಂದವನು ತಂದೆ. ಬಾಲಕ ಬರೆದಿದ್ದ ಕಳವಳಕಾರಿ ಚಿತ್ರವನ್ನು ಅಂದು ಬೆಳಿಗ್ಗೆ ಶಾಲೆಯವರು ಹೆತ್ತವರಿಗೆ ತೋರಿಸಿದ್ದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. 2024ರಲ್ಲಿ ತಾಯಿ ಮತ್ತು ತಂದೆ ಇಬ್ಬರಿಗೂ ಸೆರೆವಾಸದ ಶಿಕ್ಷೆಯಾಯಿತು. ಅವರು ಕೊಲ್ಲಲೂ ಇಲ್ಲ, ಕೊಲ್ಲೆಂದು ಹೇಳಲೂ ಇಲ್ಲ. ಆದರೆ ಪಿಸ್ತೂಲು ತಂದದ್ದು ಹಿಂಸಾದಾನ, ಎಚ್ಚರ ತಪ್ಪಿದ್ದು ಪ್ರಮಾದ. ಪ್ರಮಾದದಿಂದ ಆಗುವ ಪ್ರಾಣಹಾನಿಯನ್ನೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸಿರುವುದನ್ನು ಇಲ್ಲಿ ನೆನೆಯಬೇಕು.

ಭರತ-ಬಾಹುಬಲಿಯರ ಕಥೆ ನಮಗೆಲ್ಲ ಪರಿಚಿತವೇ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಭರತ ಅಪಮಾನದ ಉರಿಯಲ್ಲಿ ಚಕ್ರರತ್ನವನ್ನು ತಮ್ಮನ ಮೇಲೆ ಪ್ರಯೋಗಿಸಿದ. ಆತ ದುಷ್ಟನಲ್ಲ, ಧರ್ಮವನ್ನು ಬಲ್ಲವನು. ಆದರೂ ಸೋಲು ಚುಚ್ಚಿದ ಆ ಗಳಿಗೆಯಲ್ಲಿ ಆಯುಧ ಕೈಯಳತೆಯಲ್ಲಿತ್ತು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ಶಾಂತವಾಯಿತು. ಚಕ್ರರತ್ನಕ್ಕೆ ಬಂಧುವನ್ನು ಗುರುತಿಸುವ ಗುಣವಿತ್ತು. ಬಂದೂಕಿನ ಗುಂಡಿಗೆ ಆ ಗುಣವಿಲ್ಲ. ಪರೀಕ್ಷೆಯಲ್ಲಿ ಸೋತ, ಗೆಳೆಯರ ಎದುರು ನಗೆಪಾಟಲಾದ ಹದಿನಾಲ್ಕರ ಹುಡುಗನಿಗೂ ಭರತನಿಗೆ ಬಂದಂತಹ ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಅವನ ಕೈಗೆ ಏನೂ ಎಟುಕದಂತೆ ನೋಡಿಕೊಳ್ಳುವುದು ಹಿರಿಯರ ಧರ್ಮ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟಾಗಿಯೇ ಇದೆ. ಅಮೆರಿಕದಲ್ಲಿ ಆಯುಧ ಹೊಂದುವುದು 1791ರ ಸಂವಿಧಾನ ತಿದ್ದುಪಡಿಯಿಂದ ಬಂದ ಹಕ್ಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದಕ್ಕೆ ಪರವಾನಗಿ ಬೇಕು. ಸಾಮಾನ್ಯವಾಗಿ 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲ. 2019ರ ತಿದ್ದುಪಡಿಯು ಒಬ್ಬರು ಇರಿಸಿಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದ್ದು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಯು ಕೈಲ್ ಮುಹೂರ್ತದಂದು ಪೂಜೆಗೊಳ್ಳುವ ವಸ್ತು. ಕಾನೂನು ಸಡಿಲವಿದ್ದ ಕಡೆ ಸಂಪ್ರದಾಯದ ಶಿಸ್ತು ಕಾಯಬೇಕು. ಆದರೆ ಕಾಡುಗೋಡಿಯ ನಾಡಪಿಸ್ತೂಲು ಯಾವ ಪರವಾನಗಿಯನ್ನೂ ಕೇಳಲಿಲ್ಲ. ಮಿನಿಯಾಪೊಲಿಸ್‌ನ ಬಂದೂಕುಗಳೋ ಕಾನೂನುಬದ್ಧವಾಗಿಯೇ ಕೊಂಡವು. ಕಾನೂನು ಅಗತ್ಯ, ಅದರೊಂದಿಗೆ ವ್ರತವೂ ಬೇಕೆಂಬುದನ್ನು ಈ ಎರಡು ನಿದರ್ಶನಗಳು ತೋರಿಸುತ್ತವೆ.

ಗೃಹಸ್ಥನು ಆಯುಧವನ್ನೇ ಮುಟ್ಟಬಾರದೆಂದು ಜಿನಧರ್ಮ ಹೇಳಿಲ್ಲ. ಗೊಮ್ಮಟೇಶ್ವರನನ್ನು ಕಡೆಸಿದ ಚಾವುಂಡರಾಯ ದಂಡನಾಯಕನಾಗಿದ್ದವನು. ಸಂಕಲ್ಪೀ ಹಿಂಸೆಯನ್ನು ಶ್ರಾವಕ ಪೂರ್ಣವಾಗಿ ತ್ಯಜಿಸಬೇಕು. ಆತ್ಮರಕ್ಷಣೆಯ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ನಾವು ಗೌರವಿಸುವುದು ಈ ವಿವೇಕದಿಂದಲೇ. ಬೆಳೆಯನ್ನು ಕಾಡುಪ್ರಾಣಿಗಳಿಂದ ಉಳಿಸಿಕೊಳ್ಳಲು ಬಂದೂಕಿನ ಪರವಾನಗಿ ಪಡೆದಿರುವ ರೈತನೂ ನಿಂದ್ಯನಲ್ಲ. ಆದರೆ ಕೆಲಸ ಮುಗಿದ ಮೇಲೆ ಅದು ಎಲ್ಲಿರುತ್ತದೆ ಎಂಬ ಪ್ರಶ್ನೆಯಲ್ಲಿ ಅವನ ಧರ್ಮಪರೀಕ್ಷೆ ಅಡಗಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಬಂದೂಕಿರುವ ಮನೆಯವರು ಅದನ್ನೂ ಗುಂಡುಗಳನ್ನೂ ಬೇರೆ ಬೇರೆ ಕಡೆ ಬೀಗದೊಳಗೆ ಇಡಲಿ. ಬೀಗದ ಕೈ ಮಕ್ಕಳ ಕಣ್ಣಿಗೆ ಬೀಳದಿರಲಿ. ಪರವಾನಗಿದಾರರು ತೀರಿಕೊಂಡಿದ್ದರೆ ಅಟ್ಟದ ಮೇಲಿರುವ ಅಜ್ಜನ ಕಾಲದ ಕೋವಿಯನ್ನು ನೆನಪಿಗೆಂದು ಉಳಿಸಿಕೊಳ್ಳದೆ ಠಾಣೆಗೆ ಒಪ್ಪಿಸಲಿ. ಕೃತ, ಕಾರಿತ, ಅನುಮೋದಿತ ಮೂರೂ ಕರ್ಮಬಂಧಕ್ಕೆ ಕಾರಣವೆಂದು ತಿಳಿದವರು ಪಿಸ್ತೂಲು ಹಿಡಿದು ಮೆರೆಯುವವರ ಮೊಬೈಲ್ ವಿಡಿಯೊ ನೋಡಿ ಭೇಷ್ ಎನ್ನದಿರಲಿ. ನನ್ನ ವೃತ್ತಿಬಾಂಧವರಿಗೂ ಒಂದು ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿರುವುದು ಮಕ್ಕಳನ್ನು ಮುದ್ದು ಮಾಡಲಿಕ್ಕಲ್ಲ. ಎತ್ತಿದ ಕೈಯನ್ನು ನೋಡಿ ಬೆಳೆದ ಮಗು ತಾನೂ ಕೈ ಎತ್ತುವುದನ್ನೇ ಕಲಿಯುತ್ತದೆ. ತರಗತಿಯಲ್ಲಿ ಮಾತು ಬಿಟ್ಟ ಮಗುವನ್ನು ಗಮನಿಸಿ, ಬಳಿ ಕರೆದು ಮಾತನಾಡಿಸುವುದು ಅಪಧ್ಯಾನಕ್ಕೆ ಮೊದಲ ಮದ್ದು.

ಪ್ರಾರ್ಥನೆ ಸಾಕೇ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಜೈನನ ಪ್ರಾರ್ಥನೆ ವರಬೇಡಿಕೆಯಲ್ಲ. ವೀತರಾಗನು ಏನನ್ನೂ ಕೊಡುವವನಲ್ಲ. ಪ್ರತಿಕ್ರಮಣದಲ್ಲಿ ಆದ ದೋಷವನ್ನು ನೋಡಿ, ಪ್ರತ್ಯಾಖ್ಯಾನದಲ್ಲಿ ಮುಂದೆ ಅದನ್ನು ಬಿಡುವ ನಿಶ್ಚಯ ಮಾಡುತ್ತೇವೆ. ಪ್ರತ್ಯಾಖ್ಯಾನವಿಲ್ಲದ ಪ್ರಾರ್ಥನೆ ಬರಿಯ ಶಬ್ದ. ಸಾಮಾಯಿಕಕ್ಕೆ ಕುಳಿತವನು ಎದ್ದು ಹೋಗಿ ಬೀರುವಿನ ಬೀಗವನ್ನು ಪರೀಕ್ಷಿಸಿದರೆ ಅವನ ಪ್ರಾರ್ಥನೆ ಫಲಿಸಿತೆಂದೇ ಅರ್ಥ.

ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ತಂದೆತಾಯಿಯರ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯವನ್ನೇ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಇವಿಷ್ಟನ್ನೂ ಅದು ಒಟ್ಟಿಗೆ ಹೇಳುತ್ತದೆ. ಕಳಿಂಗದಲ್ಲಿ ಆಯುಧದ ಫಲವನ್ನು ಕಣ್ಣಾರೆ ಕಂಡ ಅರಸನು ಮನೆ, ಶಾಲೆ, ಜೀವದಯೆಗಳನ್ನು ಒಂದೇ ಬಂಡೆಯ ಮೇಲೆ ಕೆತ್ತಿಸಿದ. ಇವುಗಳಲ್ಲಿ ಒಂದು ಸಡಿಲವಾದರೂ ಉಳಿದವು ನಿಲ್ಲವು. ನಮ್ಮ ಮಕ್ಕಳ ಕೈಗೆ ನಾವು ಏನನ್ನು ಕೊಡುತ್ತಿದ್ದೇವೆ, ಏನನ್ನು ಎಟುಕುವಂತೆ ಇಟ್ಟಿದ್ದೇವೆ ಎಂದು ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಯರೂ ಇಂದು ಸಂಜೆಯ ಪ್ರತಿಕ್ರಮಣದಲ್ಲಿ ಕೇಳಿಕೊಳ್ಳಲಿ.