ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಯಾಕೆ ಬರೆ?

ಸಂಜೆ ಹೊತ್ತು ತಲಘಟ್ಟಪುರ ಮೆಟ್ರೋ ನಿಲ್ದಾಣದ ಹತ್ತಿರ ಹುಡುಗರು ಗುಂಪಾಗಿ ಕೂತು ಮೊಬೈಲಿನಲ್ಲಿ ಬಿಜಿಎಂಐ ಆಡುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಒಬ್ಬ ಕೂಗುತ್ತಾನೆ: "ಲೇ, ಹ್ಯಾಕರ್ ಕಣೋ! ಗೋಡೆ ಹಿಂದೆ ಇದ್ರೂ ಹೊಡ್ದ!"

ನಿಮ್ಮೂರ ಅರಳಿಕಟ್ಟೆಯಲ್ಲೂ ಈ ಕೂಗು ಕೇಳಿರುತ್ತೀರಿ. ಗೋಡೆಯಾಚೆ ಇರುವವರನ್ನು ತೋರಿಸುವ, ತಾನೇ ಗುರಿ ಇಡುವ ಕಳ್ಳ ಸಾಫ್ಟ್‌ವೇರ್ ಆಟದ ಮಜಾ ಕೆಡಿಸುತ್ತದೆ. ಮೋಸಗಾರರನ್ನು ಹೊರಗೆ ಹಾಕಲೇಬೇಕು. ಆದರೆ ಅವರ ಜೊತೆ ಪ್ರಾಮಾಣಿಕರನ್ನೂ ಹಾಕಿದರೆ?

2024ರ ಅಕ್ಟೋಬರ್ 31ರಂದು ಇಎ ಕಂಪನಿ ತನ್ನ 'ಅಪೆಕ್ಸ್ ಲೆಜೆಂಡ್ಸ್' ಆಟವನ್ನು ಲಿನಕ್ಸ್‌ನಲ್ಲಿ ನಿಲ್ಲಿಸಿತು. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಆ ಮುಕ್ತತೆಯೇ ಮೋಸಗಾರರಿಗೆ ಅನುಕೂಲ, ಅವರನ್ನು ಹಿಡಿಯುವುದು ಕಷ್ಟ ಎಂದು ಕಂಪನಿ ಕಾರಣ ಕೊಟ್ಟಿತು.

ಆ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಮೋಸ ಹಿಡಿಯುವ ಸಾಫ್ಟ್‌ವೇರ್ ಆಟಗಾರನ ಕಂಪ್ಯೂಟರಿನಲ್ಲೇ ಕೂತು ಕಾಯುತ್ತದೆ. ಎಲ್ಲವನ್ನೂ ತಿದ್ದಬಹುದಾದ ಕಡೆ ಅದರ ಕಣ್ಣಿಗೆ ಮಣ್ಣೆರಚುವುದು ಸುಲಭ. ಆದರೆ ವಿಂಡೋಸ್‌ನಲ್ಲಿ ಮೋಸ ನಿಂತಿದೆಯೇ? ಇಲ್ಲ. ಅಲ್ಲಿ ಸಿಕ್ಕಿಬಿದ್ದವನ ಖಾತೆ ಮಾತ್ರ ಬಂದ್ ಆಗುತ್ತದೆ. ಲಿನಕ್ಸ್‌ನವರಿಗೆ ಮಾತ್ರ ಊರಿಗೆ ಊರೇ ಬಹಿಷ್ಕಾರ!

ಲಿನಕ್ಸ್ ಬಳಸುವವರು ಬರೀ ಎಂಜಿನಿಯರುಗಳಲ್ಲ. ನಮ್ಮ ದಕ್ಷಿಣ ಬೆಂಗಳೂರಿನದೇ ಸುದರ್ಶನ ಲೇಔಟ್ ಕೊಳೆಗೇರಿಯ ಮಕ್ಕಳು ಅಂಬೇಡ್ಕರ್ ಹೆಸರಿನ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತದ್ದು ಲಿನಕ್ಸ್‌ನಂಥ ಮುಕ್ತ ತಂತ್ರಾಂಶದಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೇ ಲ್ಯಾಪ್‌ಟಾಪ್ ಇರುವ ಮನೆಗೆ ಹೊಸದು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಲಿನಕ್ಸೇ ಗತಿ. ಬಾಗಿಲು ಮುಚ್ಚಿದಾಗ ಹೊರಗುಳಿಯುವವರಲ್ಲಿ ಇಂಥವರೂ ಇದ್ದಾರೆ.

ಬೇರೆ ದಾರಿ ಇಲ್ಲವೇ? ಇದೆ. 'ವ್ಯಾಲರಂಟ್' ಆಟದಲ್ಲಿ ಗೋಡೆ ಹಿಂದಿನ ಎದುರಾಳಿ ಕಣ್ಣಿಗೆ ಬೀಳುವ ಹೊತ್ತಾಗುವವರೆಗೂ ಅವನೆಲ್ಲಿದ್ದಾನೆಂಬ ಮಾಹಿತಿಯನ್ನೇ ಸರ್ವರ್ ಕಳಿಸುವುದಿಲ್ಲ. ಬಾರದ ಮಾಹಿತಿಯನ್ನು ಕದಿಯುವುದು ಹೇಗೆ? ಆ ಆಟವೂ ಲಿನಕ್ಸ್‌ನವರನ್ನು ಸೇರಿಸುವುದಿಲ್ಲ ನಿಜ, ಆದರೆ ಉಪಾಯ ಒಳ್ಳೆಯದೇ. ಮನುಷ್ಯನ ಕೈಗೆ ಸಾಧ್ಯವೇ ಇಲ್ಲದ ಗುರಿಯನ್ನೂ ಸರ್ವರ್‌ನಲ್ಲೇ ಪತ್ತೆ ಹಚ್ಚಲು ನೋಡಬಹುದು. ಇದರಿಂದ ಎಲ್ಲ ಮೋಸವೂ ನಿಲ್ಲದು, ಖರ್ಚೂ ಇದೆ. ಆ ಖರ್ಚು ಕಂಪನಿಯದಾಗಬೇಕು, ಆಟಗಾರನದಲ್ಲ.

ಊರ ಕಬಡ್ಡಿಯಲ್ಲಿ ಅಂಪೈರ್ ಅಂಕಣದಲ್ಲಿ ನಿಂತು ತಪ್ಪು ಹಿಡಿಯುತ್ತಾನೆ. ಆಟಗಾರ ಹೆಂಚಿನ ಮನೆಯವನೋ ತಾರಸಿ ಮನೆಯವನೋ ಎಂದು ಕೇಳುವುದಿಲ್ಲ. ಆನ್‌ಲೈನ್ ಆಟಕ್ಕೂ ಅಂಥ ಅಂಪೈರ್ ಬೇಕು.

ಅಂದಹಾಗೆ, ನೀವು ಇದನ್ನು ಓದುತ್ತಿರುವುದು ಆಂಡ್ರಾಯ್ಡ್ ಫೋನಿನಲ್ಲಾದರೆ, ಅದರ ತಿರುಳೂ ಲಿನಕ್ಸೇ!