ಕಲಾವಿದರ ಚಿತ್ರ, ಕಾವಲಿನ ಚಿತ್ರ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನಲ್ಲಿವೆ. ವೀರಗಾಸೆ, ಡೊಳ್ಳು ಕುಣಿತ, ಭಜನೆ, ಸೋಬಾನೆ ಹಾಡುಗಳು ಇಲ್ಲಿನ ಜಾತ್ರೆ-ಮದುವೆಗಳಲ್ಲಿ ಇನ್ನೂ ಉಳಿದಿವೆ. ಈ ಕಲಾವಿದರ ಕುರಿತು ಕಿರು ಸಾಕ್ಷ್ಯಚಿತ್ರ ತೆಗೆಯಲು ಇಂದಿನ ವಿದ್ಯಾರ್ಥಿಗಳಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಇದು ಸ್ವಾಗತಾರ್ಹ. ಆದರೆ ಏನನ್ನು ಚಿತ್ರಿಸಬೇಕು, ಚಿತ್ರಿಸಿದ್ದು ಯಾರಿಗೆ ಸೇರಬೇಕು ಎಂಬುದು ಮೊದಲೇ ಇತ್ಯರ್ಥವಾಗಬೇಕು.

ಎರಡು ನಿಮಿಷದ ಕುಣಿತವನ್ನು ಸೆರೆಹಿಡಿದರೆ ಅದು ಕಲಾವಿದನ ಚಿತ್ರವಾಗುವುದಿಲ್ಲ. ಡೊಳ್ಳಿಗೆ ಮರ ಬೇಕು, ಹದ ಮಾಡಿದ ಕುರಿ-ಮೇಕೆಯ ಚರ್ಮ ಬೇಕು. ಕುರಿಗೆ ಹುಲ್ಲು ಬೇಕು, ಹುಲ್ಲಿಗೆ ನೆಲ ಬೇಕು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳು ಒತ್ತುವರಿ, ಭೂಮಂಜೂರಾತಿ, ನೆಡುತೋಪುಗಳಿಂದ ಕರಗಿವೆ. ಆ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿಯೇ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಕೆರೆ ತುಂಬಿದಾಗ ಗಂಗೆಪೂಜೆಗೆ ಹಾಡುವ ಹೆಂಗಸರಿಗೆ ಕೆರೆ ತುಂಬದ ವರ್ಷ ಹಾಡುವ ಸಂದರ್ಭವೇ ಇಲ್ಲ. ಆದ್ದರಿಂದ ಕ್ಯಾಮೆರಾ ಕಲಾವಿದನ ಹಿಂದೆ ಅವನ ಹೊಲಕ್ಕೆ, ಕೆರೆಯ ಏರಿಗೆ, ಕಾವಲಿಗೆ ಹೋಗಬೇಕು.

ಎರಡನೆಯದು ಹೆಸರಿನ ಪ್ರಶ್ನೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇಗುಲದಲ್ಲಿ ದುಡಿದ ಶಿಲ್ಪಿ ಮಲ್ಲಿತಮ್ಮನ ಹೆಸರು ಎಂಟು ಶತಮಾನಗಳ ಬಳಿಕವೂ ಉಳಿದಿದೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಅವರ ತಂಡ 1990ರಲ್ಲಿ ದಾಖಲಿಸಿತು. 1998ರಲ್ಲಿ ಪ್ರಕಟವಾದ ಗ್ರಂಥದ ಶೀರ್ಷಿಕೆಯಲ್ಲಿಯೇ ಗಾಯಕರ ಹೆಸರಿದೆ. ಆದರೆ ಇಂದು ಹರಿದಾಡುವ ಎಷ್ಟೋ ದೃಶ್ಯಗಳಲ್ಲಿ ಕುಣಿದವರ ಹೆಸರಿಲ್ಲ, ಊರಿಲ್ಲ, ತೆಗೆದ ದಿನವಿಲ್ಲ. ಹೆಸರಿಲ್ಲದ ದಾಖಲೆಗೆ ಸಾಕ್ಷ್ಯದ ಬೆಲೆ ಬಾರದು.

ಚಿತ್ರೀಕರಣದಿಂದ ಕಲೆ ಉಳಿಯುವುದಿಲ್ಲ, ಕಲಿಯುವವರಿಂದ ಉಳಿಯುತ್ತದೆ ಎಂಬ ಆಕ್ಷೇಪವಿದೆ. ಅದು ನಿಜವೇ. ಆದರೆ ಹಿರಿಯ ಹಾಡುಗಾರ್ತಿ ತೀರಿಕೊಂಡ ಮೇಲೆ ಆಕೆಯ ಮೊಮ್ಮಗಳಿಗೆ ಮಟ್ಟು ಕಲಿಯಲು ಬೇರೆ ಆಧಾರ ಯಾವುದು? ದಾಖಲೆ ಗುರುವಿಗೆ ಬದಲಿಯಲ್ಲ. ಗುರು ಇಲ್ಲದಾಗ ಉಳಿಯುವ ಆಸರೆ.

ವಿದ್ಯಾರ್ಥಿಗಳು ಪಾಲಿಸಬೇಕಾದ ಕ್ರಮ ಸರಳವಾದುದು. ಮೊದಲು ಒಪ್ಪಿಗೆ ಪಡೆಯಬೇಕು. ಸುಗ್ಗಿಯ ದಿನದಲ್ಲಿ ಕಲಾವಿದರ ಕೂಲಿ ಕೆಡಿಸಿದರೆ ಅದನ್ನು ತುಂಬಿಕೊಡಬೇಕು. ವೀರಗಾಸೆಯನ್ನು ಕಾಲೇಜಿನ ಅಂಗಳಕ್ಕೆ ಕರೆಸುವ ಬದಲು ಶ್ರಾವಣ, ಕಾರ್ತೀಕಗಳಲ್ಲಿ ಅದು ನಡೆಯುವ ಊರಿಗೇ ಹೋಗಬೇಕು. ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನ ಆ ಊರಿನಲ್ಲಿಯೇ ಆಗಬೇಕು. ತಪ್ಪಿದ್ದನ್ನು ಊರವರು ತಿದ್ದಬೇಕು. ಒಂದು ಪ್ರತಿ ಕಲಾವಿದರ ಮನೆಗೆ, ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಕಾಲೇಜಿಗೆ ಸೇರಬೇಕು.

ಹೀಗೆ ತೆಗೆದ ಚಿತ್ರ ಬಹುಮಾನ ಗಳಿಸದಿರಬಹುದು. ಆದರೆ ನಾಳೆ ಕಾವಲಿಗೆ ಬೇಲಿ ಬಿದ್ದಾಗ, ಕೆರೆಯಂಗಳ ಒತ್ತುವರಿಯಾದಾಗ, ಇಲ್ಲಿ ಹುಲ್ಲಿತ್ತು, ನೀರಿತ್ತು, ಹಾಡಿತ್ತು ಎಂದು ಊರು ಮುಂದಿಡಬಲ್ಲ ಸಾಕ್ಷಿ ಅದಾಗಿರುತ್ತದೆ.